ಸಹಿಯಿಲ್ಲದ ಚಿತ್ರಶಾಲೆ: ಗೋಕಾಕದ ಚಿತ್ರಗಾರರ ಕೆಲಸದ ಮನೆ

ಬ್ರಿಟಿಷರ ಕಾಲದ ಗ್ಯಾಸೆಟಿಯರುಗಳಲ್ಲಿ ಗೋಕಾಕದ ಕಸುಬುಗಳ ಪಟ್ಟಿ ಚಿಕ್ಕದು. ಬಣ್ಣಗಾರಿಕೆ ಮತ್ತು ನೇಯ್ಗೆ ಒಂದು ಕಾಲಕ್ಕೆ ಹೆಚ್ಚಾಗಿದ್ದವು, ಆಮೇಲೆ ಕುಗ್ಗಿದವು. ಒರಟು ಕಾಗದ ತಯಾರಾಗುತ್ತಿತ್ತು. ಹಗುರ ಮರದಿಂದಲೂ ಸುತ್ತಲಿನ ಒಂದು ಬಗೆಯ ಮಣ್ಣಿನಿಂದಲೂ ಮನುಷ್ಯರ, ದೇವತೆಗಳ, ಪ್ರಾಣಿಗಳ ಗೊಂಬೆ ಮಾಡುತ್ತಿದ್ದರು. ಗೊಂಬೆಯನ್ನು ಕಂಡ ಅಧಿಕಾರಿಗೆ ಅದನ್ನು ಮಾಡಿದ ಕೈ ಕಾಣಲಿಲ್ಲ. ಹೆಸರಿಲ್ಲ, ಮನೆತನವಿಲ್ಲ, ಕೆಲಸ ನಡೆದ ಜಾಗದ ಒಂದು ಸಾಲಿನ ವಿವರವೂ ಇಲ್ಲ.

ಹತ್ತೊಂಬತ್ತನೇ ಶತಮಾನದ ಪೋಲೆಂಡಿನಲ್ಲಿ ನಡೆದದ್ದು ಬೇರೆ. ಇತಿಹಾಸದ ಬೃಹತ್ ಚಿತ್ರಗಳನ್ನು ಬರೆದ ಯಾನ್ ಮಾಟೆಯ್ಕೊ 1893ರಲ್ಲಿ ತೀರಿಕೊಂಡ ಮೇಲೆ ಕ್ರಾಕೋವ್ ನಗರದ ಅವನ ಮನೆ 1898ರಲ್ಲಿ ಮ್ಯೂಸಿಯಂ ಆಯಿತು. ಕಲಾವಿದನ ಕೆಲಸದ ಕೋಣೆಯನ್ನೇ ದಾಖಲೆಯಾಗಿ ಓದುವ ಈ ಪದ್ಧತಿ ನಮ್ಮ ಚಿತ್ರಗಾರರ ಮನೆಗಳಿಗೂ ಸಲ್ಲಬೇಕು ಎಂಬುದು ಈ ಲೇಖನದ ವಾದ.

ಗೋಕಾಕ ಭಾಗದಲ್ಲಿ ಗೊಂಬೆ ಮಾಡುವ ಕಸುಬು ಜಿನಗಾರ, ಚಿತ್ರಗಾರ ಎಂದು ಕರೆಸಿಕೊಳ್ಳುವ ಮನೆತನಗಳದು. ಇಲ್ಲಿ ಚಿತ್ರಶಾಲೆ ಎಂದರೆ ವಾಸದ ಮನೆಯೇ. ಹೊರಗೆ, ಬೆಳಕು ಇರುವ ಕಡೆ ಕೆತ್ತನೆ. ಒಣಗಿದ ಹಗುರ ಮರವನ್ನು ಬಾಚಿ, ಉಳಿಗಳಿಂದ ರೂಪಕ್ಕೆ ತಂದು, ಕೈಕಾಲುಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಾರೆ. ಸಂದುಗಳಿಗೆ ಮರದ ಹೊಟ್ಟನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ ತುಂಬುತ್ತಾರೆ. ಈ ಅಂಟು ಬರುವುದು ಅಡುಗೆಮನೆಯಿಂದ: ಬೀಜ ಹುರಿದು ಸಿಪ್ಪೆ ತೆಗೆಯುವುದು, ನೆನೆಹಾಕುವುದು, ಅರೆಯುವುದು, ಕುದಿಸುವುದು. ಇಂಥ ಮನೆಗಳಲ್ಲಿ ಹೆಂಗಸರ ದುಡಿಮೆ ಯಾವ ವರದಿಗೂ ಹತ್ತಿಲ್ಲ; ಆದರೆ ಅಂಟು ಹದವಾಗದೆ ಮುಂದಿನ ಯಾವ ಕೆಲಸವೂ ಸಾಗುವುದಿಲ್ಲ. ಆಮೇಲೆ ಬಿಳಿ ಮಣ್ಣಿನ ಲೇಪ, ಒಣಗುವುದು, ಉಜ್ಜುವುದು, ಮತ್ತೆ ಲೇಪ. ಬಣ್ಣ ಬರುವ ಹೊತ್ತಿಗೆ ಕೆಲಸದ ಬಹುಪಾಲು ಮುಗಿದಿರುತ್ತದೆ. ಮಳೆಗಾಲದಲ್ಲಿ ಲೇಪ ಒಣಗುವುದೇ ಕಷ್ಟ, ಹಾಗಾಗಿ ಈ ಚಿತ್ರಶಾಲೆಯ ವರ್ಷವನ್ನು ಬಿಸಿಲು ನಿರ್ಧರಿಸುತ್ತದೆ.

ಗೋಕಾಕದ ಮರದ ಹಣ್ಣು, ಕಾಯಿಪಲ್ಲೆಗಳು ಹೆಸರಾದವು. ಬದನೆಯ ಹೊಳಪು, ಮಾವಿನ ತೊಟ್ಟಿನ ಬಳಿಯ ಹಸಿರು ಹಳದಿಗೆ ತಿರುಗುವ ಬಗೆ, ಇವುಗಳಲ್ಲಿರುವ ಗಮನಿಕೆ ಯಾವ ಸ್ಥಿರಚಿತ್ರಕ್ಕೂ ಕಡಿಮೆಯದಲ್ಲ. ಆದರೂ ಕುಶಲಕರ್ಮಿಯ ಬದುಕು ನಡೆದದ್ದು ಜಾತ್ರೆಗಳ ಮೇಲೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸುತ್ತಲಿನ ಊರುಗಳಲ್ಲಿ ದ್ಯಾಮವ್ವ, ದುರ್ಗವ್ವ, ಲಕ್ಷ್ಮಿಯರ ಮರದ ಮೂರ್ತಿಗಳಿಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಬೇಕು. ಗೋಕಾಕದ ಗ್ರಾಮದೇವತೆ ಮಹಾಲಕ್ಷ್ಮಿಯ ಜಾತ್ರೆ ಐದು ವರ್ಷಕ್ಕೊಮ್ಮೆ. ಮೂರ್ತಿಗೆ ಬಣ್ಣ ಹಚ್ಚುವಾಗ ಕೊನೆಗೆ ಬರೆಯುವುದು ಕಣ್ಣು. ತಾತ ಹಚ್ಚಿದ ಬಣ್ಣದ ಮೇಲೆ ಮೊಮ್ಮಗ ಹಚ್ಚುವ ಈ ಪದ್ಧತಿಯಲ್ಲಿ ಒಬ್ಬ ಕಲಾವಿದನ 'ವೃತ್ತಿಜೀವನ'ವನ್ನು ಬಿಡಿಸಿ ತೋರಿಸುವುದು ಸುಲಭವಲ್ಲ.

ಇಂಥದೇ ಕುಲದಿಂದ ಹೊರಟು ಒಂಟಿ ವೃತ್ತಿಜೀವನ ಕಟ್ಟಿಕೊಂಡವರು ಕೆ. ವೆಂಕಟಪ್ಪ. 1886ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಊಟಿಯ ಜಲವರ್ಣ ನಿಸರ್ಗಚಿತ್ರಗಳು, ಪ್ಲಾಸ್ಟರಿನ ಉಬ್ಬುಶಿಲ್ಪಗಳು, ವೀಣೆ, ಕಟ್ಟುನಿಟ್ಟಿನ ಬ್ರಹ್ಮಚರ್ಯ, ದಿನಚರಿ: ಎಲ್ಲದರಲ್ಲೂ ತನ್ನ ಕೆಲಸ ತನ್ನದು ಎಂಬ ಹಟ. ಕೂಲಿಯ ವಿಷಯದಲ್ಲಿ ಮೈಸೂರು ಮಹಾರಾಜರ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. ಕುಲಕಸುಬಿನ ಚಿತ್ರಗಾರ ಅರಮನೆಯ ಆಶ್ರಯದಲ್ಲಿ ಎತ್ತಲಾಗದ ಪ್ರಶ್ನೆ ಅದು, ನನ್ನ ಮಟ್ಟಿಗೆ ಅವರ ಅತಿ ದಿಟ್ಟ ಕೃತಿಯೂ ಹೌದು. 1965ರಲ್ಲಿ ಅವರು ತೀರಿಕೊಂಡರು; ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಗೆ ಅವರ ಹೆಸರಿದೆ.

ವೆಂಕಟಪ್ಪನವರ ಬಗ್ಗೆ ಬರೆಯಲು ದಿನಚರಿ ಉಂಟು, ದಾವೆಯ ಕಾಗದ ಉಂಟು. ಗೋಕಾಕದವರ ಬಗ್ಗೆ ಬರೆಯಲು ಏನು ಉಂಟು? ಮೂರ್ತಿಗಳ ಮೈಮೇಲೆ ಒಂದರ ಮೇಲೊಂದು ಕೂತ ಬಣ್ಣದ ಪದರಗಳೇ ಉಂಟು. ಮಣ್ಣಿನ ಬಣ್ಣ ಹೋಗಿ ಡಬ್ಬಿಯ ಎನಾಮೆಲ್ ಯಾವಾಗ ಬಂತು, ದೇವಿಯ ಸೀರೆಯ ಅಂಚು ಯಾವ ಜಾತ್ರೆಯಿಂದ ಬದಲಾಯಿತು, ಕಣ್ಣಿನ ರೇಖೆಯಲ್ಲಿ ಎರಡು ಕೈಗಳ ವ್ಯತ್ಯಾಸ ಎಲ್ಲಿ ಕಾಣುತ್ತದೆ, ಇವೆಲ್ಲ ಆ ಪದರಗಳಲ್ಲಿವೆ. ಹಳೆಯ ಬಣ್ಣ ಕೆರೆದು ಹೊಸದು ಹಚ್ಚುವ ಕಡೆ ಆ ಇತಿಹಾಸ ನೆಲಕ್ಕೆ ಬೀಳುತ್ತದೆ. ಕೆರೆಯುವ ಮೊದಲು ಒಂದು ಛಾಯಾಚಿತ್ರ, ಒಂದು ಚೂರು ಬಣ್ಣ, ಬಣ್ಣ ಹಚ್ಚಿದವರ ಹೆಸರು, ಕೊಟ್ಟ ಕೂಲಿ: ಜಾತ್ರಾ ಸಮಿತಿಯ ಲೆಕ್ಕದ ಪುಸ್ತಕದಲ್ಲಿ ಇಷ್ಟಕ್ಕೆ ಒಂದು ಪುಟ ಸಾಕು, ಅದನ್ನು ಮುಂದಿನ ಜಾತ್ರೆಯಿಂದಲೇ ಬರೆಯತೊಡಗಬಹುದು.