ಟೋ ಬೈ ಟೋ
ಓದಲು ತೊಡಕುಳ್ಳವರಿಗೆ, ಮುಖ್ಯವಾಗಿ ಡಿಸ್ಲೆಕ್ಸಿಯಾ ಇರುವವರಿಗೆ, ಅಕ್ಷರ–ಧ್ವನಿ ಸಂಬಂಧದ ಮೂಲಕ ಇಂಗ್ಲಿಷ್ ಓದು ಕಲಿಸುವ ಕೈಪಿಡಿ. ಬ್ರಿಟನ್ನಿನ ಸೆರೆಮನೆಗಳ ವಯಸ್ಕರ ಸಾಕ್ಷರತೆಯಲ್ಲಿ ವ್ಯಾಪಕವಾಗಿ ಬಳಕೆಯಾಯಿತು. ಕರ್ತೃ ಯಾರ್ಕ್‌ಷೈರಿನ ಶಿಕ್ಷಕಿ ಕೀಡಾ ಕೌಲಿಂಗ್, ಪ್ರಕಟಣೆ 1993. ಊಹಿಸಿ ಓದುವ ರೂಢಿ ತಪ್ಪಿಸಲು ಇದರಲ್ಲಿ ಅರ್ಥವಿಲ್ಲದ ಕೃತಕ ಪದಗಳೂ ಉಂಟು. ಪ್ರತಿ ಪದವನ್ನು ಬೇರೆಬೇರೆ ದಿನ ಸತತ ಮೂರು ಸಲ ಸರಿಯಾಗಿ ಓದಿದರಷ್ಟೇ ಅದು ಮುಗಿದಂತೆ. ಸರಿಯಾಗಿ ಓದಿದ ಗುರುತು ಪುಟದಲ್ಲೇ ಬೀಳುತ್ತದೆ. ಸೆರೆಮನೆಗಳಿಗೆ ಇದನ್ನು ಒಯ್ದದ್ದು ಶ್ಯಾನನ್ ಟ್ರಸ್ಟ್ ಎಂಬ ದತ್ತಿಸಂಸ್ಥೆ. ಓದಬಲ್ಲ ಕೈದಿಯೇ ಸಹಕೈದಿಗೆ ದಿನಕ್ಕೆ ಸುಮಾರು 20 ನಿಮಿಷ, ಒಬ್ಬರಿಗೊಬ್ಬರಂತೆ ಕಲಿಸುವುದು ಅದರ ಯೋಜನೆಯ ತಿರುಳು. ಬಾಲ್ಯದಲ್ಲಿ ತರಗತಿಯಲ್ಲಿ ಸೋತವರಿಗೆ ತರಗತಿಯಿಲ್ಲದ ಈ ಕ್ರಮ ಪುಸ್ತಕದಷ್ಟೇ ಮುಖ್ಯ. 2015ರಲ್ಲಿ ಟ್ರಸ್ಟ್ ವಯಸ್ಕರಿಗೆಂದೇ ರೂಪಿಸಿದ ‘ಟರ್ನಿಂಗ್ ಪೇಜಸ್’ ಎಂಬ ಓದುಕ್ರಮ ಸೆರೆಮನೆಗಳಲ್ಲಿ ಈ ಕೈಪಿಡಿಯ ಸ್ಥಾನಕ್ಕೆ ಬಂತು.