ಮಕ್ಕಳ ಹೆಸರಿನ ಮನೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾನು ಸ್ವಂತ ಮನೆ ಕೊಂಡಿರುವುದಾಗಿಯೂ, ಪತ್ರವು ತನ್ನ ಮತ್ತು ಪತ್ನಿಯ ಹೆಸರಿನಲ್ಲಿಯೇ ಆಗಿರುವುದಾಗಿಯೂ ಬರೆದಿದ್ದಾನೆ. ಓದಿ ಸಂತೋಷವಾಯಿತು. ನೂರು ವರ್ಷಗಳ ಹಿಂದೆ ಅದೇ ಸೀಮೆಯಲ್ಲಿ ಏಷ್ಯಾದಿಂದ ಹೋದವನಿಗೆ ಇದು ಸಾಧ್ಯವಿರಲಿಲ್ಲ. ಆ ಕಥೆಯನ್ನು ಅವನ ನೆಪದಲ್ಲಿ ನಿಮ್ಮೆಲ್ಲರಿಗೂ ಹೇಳುತ್ತೇನೆ.

1913ರಲ್ಲಿ ಆ ರಾಜ್ಯವು ಒಂದು ಭೂ ಕಾಯಿದೆಯನ್ನು ಮಾಡಿತು. 'ಪೌರತ್ವಕ್ಕೆ ಅನರ್ಹರಾದ ವಿದೇಶೀಯರು' ಭೂಮಿ ಕೊಳ್ಳುವಂತಿಲ್ಲ. ಸಾಗುವಳಿ ಜಮೀನನ್ನು 3 ವರ್ಷಗಳಿಗಿಂತ ಹೆಚ್ಚು ಕಾಲ ಗೇಣಿಗೆ ಪಡೆಯುವಂತಿಲ್ಲ. 1920ರಲ್ಲಿ ಗೇಣಿಯೂ ನಿಂತಿತು. ಕಾಯಿದೆಯಲ್ಲಿ ಜಪಾನೀಯರೆಂಬ ಪದವೇ ಇಲ್ಲ! ಆದರೆ ಹೊರಗಿನಿಂದ ಬಂದವರ ಪೈಕಿ ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ ದೊರೆಯುತ್ತಿದ್ದ ಕಾಲವದು. ಬಾಣ ಯಾರತ್ತ ಎಂಬುದು ಎಲ್ಲರಿಗೂ ತಿಳಿದಿತ್ತು.

ರಿವರ್‌ಸೈಡ್ ಎಂಬ ಊರಿನಲ್ಲಿ ಜುಕಿಚಿ ಹರಾಡ ಎಂಬಾತ ಊಟದ ಹೋಟೆಲು ನಡೆಸುತ್ತಿದ್ದ. ಇಕ್ಕಟ್ಟಾದ ವಸತಿಯಲ್ಲಿ ಸಂಸಾರ. ಪುಟ್ಟ ಮಗನೊಬ್ಬ ಡಿಫ್ತೀರಿಯಾದಿಂದ ತೀರಿಕೊಂಡ. ಗಾಳಿ ಬೆಳಕಿರುವ ಮನೆಯೊಂದು ಬೇಕೆಂದು 1915ರಲ್ಲಿ ಲೆಮನ್ ಬೀದಿಯಲ್ಲಿ ಮನೆ ಕೊಂಡ. ಪತ್ರವನ್ನು ಮಾತ್ರ ಅಮೆರಿಕದಲ್ಲಿ ಹುಟ್ಟಿದ್ದ ಮಿನೆ, ಸುಮಿ, ಯೋಷಿಜೋ ಎಂಬ ಮೂವರು ಎಳೆಯ ಮಕ್ಕಳ ಹೆಸರಿಗೆ ಮಾಡಿಸಿದ. ಅಲ್ಲಿ ಹುಟ್ಟಿದವರು ಅಲ್ಲಿಯ ಪ್ರಜೆಗಳೇ ತಾನೆ? ನೆರೆಹೊರೆಯವರು ಕೆರಳಿದರು. ಹೆಚ್ಚು ಬೆಲೆ ಕೊಡುತ್ತೇವೆ, ಬಿಟ್ಟುಹೋಗು ಎಂದರು. ಆತ ಒಪ್ಪಲಿಲ್ಲ. ಇದು ಬೇನಾಮಿಯೆಂದು ರಾಜ್ಯವೇ ದಾವೆ ಹೂಡಿತು. 1918ರಲ್ಲಿ ನ್ಯಾಯಾಧೀಶರು ಮಕ್ಕಳ ಹಕ್ಕನ್ನು ಎತ್ತಿಹಿಡಿದರು. ಕಾಯಿದೆಯನ್ನು ಮಾತ್ರ ಮುಟ್ಟಲಿಲ್ಲ. ತಾನು ಗಳಿಸಿದ ಮನೆಯಲ್ಲಿ ತಂದೆ ತನ್ನ ಮಕ್ಕಳ ಆಶ್ರಿತನಾಗಿಯೇ ಉಳಿದ.

ನಮ್ಮವರ ಪಾಡೂ ಭಿನ್ನವಾಗಿರಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ (ನಮ್ಮ ಹುತಾತ್ಮ ಭಗತ್ ಸಿಂಗ್ ಅಲ್ಲ) ಅವರ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಅವರು 1921ರಲ್ಲಿ ಪಡೆದಿದ್ದ ಪೌರತ್ವವು ಇದರಿಂದ ರದ್ದಾಯಿತು, ಅಂಗಡಿಯೂ ಕೈಬಿಟ್ಟಿತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪತ್ನಿ ಕಲಾ ಬಗಾಯ್ ಮೂವರು ಗಂಡುಮಕ್ಕಳನ್ನು ಅದೇ ನೆಲದಲ್ಲಿ ಬೆಳೆಸಿದರು. ಆ ತಾಯಿಯ ಧೈರ್ಯಕ್ಕೆ ನನ್ನ ನಮಸ್ಕಾರ.

1942ರಲ್ಲಿ ಯುದ್ಧದ ಭೀತಿಯಿಂದ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಹೊತ್ತೊಯ್ಯಬಲ್ಲಷ್ಟನ್ನು ಬಿಟ್ಟು ಉಳಿದುದನ್ನು ಅನೇಕರು ಸಿಕ್ಕ ಬೆಲೆಗೆ ಮಾರಿ ಹೊರಟರು. ಹರಾಡ ದಂಪತಿಗಳು ಶಿಬಿರದಲ್ಲಿಯೇ ಕಣ್ಮುಚ್ಚಿದರು. ಮನೆಯನ್ನು ಜೆಸ್ ಸ್ಟೆಬ್ಲರ್ ಎಂಬ ಬಿಳಿಯ ಸ್ನೇಹಿತನು ತಾನೇ ಬಂದು ವಾಸವಿದ್ದು ಕಾಪಾಡಿದ.

ಭೂ ಕಾಯಿದೆಯನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1952ರಲ್ಲಿ ಅಸಿಂಧುವೆಂದಿತು. 1956ರಲ್ಲಿ ಮತದಾರರು ಅದನ್ನು ತೆಗೆದುಹಾಕಿದರು. ಬದುಕುಳಿದಿದ್ದ ಶಿಬಿರವಾಸಿಗಳಿಗೆ ತಲಾ 20,000 ಡಾಲರ್ ಪರಿಹಾರ ಕೊಡುವ ಕಾನೂನು 1988ರಲ್ಲಿ ಬಂದಿತು.

ಸುಮಿ 1945ರಲ್ಲಿಯೇ ಲೆಮನ್ ಬೀದಿಗೆ ಮರಳಿದ್ದಳು. ಮನೆಯಿಲ್ಲದೆ ಹಿಂದಿರುಗಿದ ಇತರ ಜಪಾನೀ ಕುಟುಂಬಗಳಿಗೂ ಅಲ್ಲಿ ಆಸರೆ ಕೊಟ್ಟಳು. ಮುಂದೆ ಹಲವು ದಶಕಗಳ ಕಾಲ, ತನ್ನದೇ ಹೆಸರಿದ್ದ ಆ ಮನೆಯಲ್ಲಿ ಬಾಳಿದಳು.