ಲಾರಿ ಗೇರ್‌ಬಾಕ್ಸಿನ ಸದ್ದು: ದೋಷಪತ್ತೆ ಮತ್ತು ದುರಸ್ತಿ ವೆಚ್ಚ

ಕೈಯಿಂದ ಗೇರ್ ಬದಲಿಸುವ ಲಾರಿಗಳಲ್ಲಿ ಬೇರಿಂಗ್, ಗೇರಿನ ಹಲ್ಲು ಅಥವಾ ಸಿಂಕ್ರೊನೈಸರ್ ಸವೆದರೆ ಗೇರ್‌ಬಾಕ್ಸ್ ಸದ್ದು ಮಾಡತೊಡಗುತ್ತದೆ. ಸದ್ದು ಎಂಥದ್ದು ಎನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದೇ ದೋಷದ ಜಾಗವನ್ನು ಹೇಳುತ್ತದೆ. ಗೇರ್‌ಬಾಕ್ಸ್ ಇಳಿಸುವ ಮುನ್ನವೇ ಇದನ್ನು ಗಮನಿಸಿಟ್ಟುಕೊಂಡ ಮಾಲೀಕನ ಬಿಲ್ಲಿಗೆ ಬೇಡದ ಕೆಲಸ ಸೇರುವುದು ಕಡಿಮೆ.

ಎಂಜಿನ್ ಓಡುತ್ತಿದ್ದು ಗೇರ್ ನ್ಯೂಟ್ರಲ್‌ನಲ್ಲಿದ್ದಾಗ, ಕ್ಲಚ್ ತುಳಿಯದಿದ್ದರೆ ಇನ್‌ಪುಟ್ ಶಾಫ್ಟ್ ಮತ್ತು ಕೌಂಟರ್ ಶಾಫ್ಟ್ ಎರಡೂ ತಿರುಗುತ್ತಿರುತ್ತವೆ. ಗಾಡಿ ನಿಂತಿರುವುದರಿಂದ ಮೇನ್ ಶಾಫ್ಟ್ ಮಾತ್ರ ಸುಮ್ಮನಿರುತ್ತದೆ. ಈಗ ಗೊರಗೊರ ಸದ್ದಿದ್ದು, ಕ್ಲಚ್ ತುಳಿದ ಒಂದೆರಡು ಸೆಕೆಂಡಿನಲ್ಲಿ ಅಡಗಿದರೆ ಆ ಎರಡು ಶಾಫ್ಟುಗಳ ಬೇರಿಂಗುಗಳ ಮೇಲೆ ಅನುಮಾನ. ಸುಮ್ಮನಿದ್ದದ್ದು ಕ್ಲಚ್ ತುಳಿದ ಕೂಡಲೇ ಕಿರುಚಿದರೆ ರಿಲೀಸ್ ಬೇರಿಂಗ್; ಗೇರ್ ಹಾಕಿ, ಪೆಡಲನ್ನು ಪೂರ್ತಿ ತುಳಿದು ನಿಂತಾಗ ಮಾತ್ರ ಕೇಳಿದರೆ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್. ಈ ಎರಡಕ್ಕೂ ಗೇರ್‌ಬಾಕ್ಸ್ ಇಳಿಸಬೇಕು, ಬಿಚ್ಚಬೇಕಿಲ್ಲ. ಈ ವ್ಯತ್ಯಾಸ ತಿಳಿಯದವರೇ ಹೆಚ್ಚಾಗಿ ಮೋಸಹೋಗುವುದು.

ಮುಂದಿನ ಪರೀಕ್ಷೆ ರಸ್ತೆಯ ಮೇಲೆ. ಎಂಜಿನ್ ಮತ್ತು ಔಟ್‌ಪುಟ್ ಒಂದೇ ವೇಗದಲ್ಲಿ ತಿರುಗುವ ನೇರ ಗೇರಿನಲ್ಲಿ ಭಾರ ಕೌಂಟರ್ ಶಾಫ್ಟಿನ ಮೂಲಕ ಹಾಯುವುದಿಲ್ಲ. ಓವರ್‌ಡ್ರೈವ್ ಇಲ್ಲದ ಲಾರಿಗಳಲ್ಲಿ ಇದು ಟಾಪ್ ಗೇರ್. ಉಳಿದ ಗೇರುಗಳಲ್ಲಿ ಗದ್ದಲವೆದ್ದು ಇಲ್ಲಿ ಕಡಿಮೆಯಾದರೆ ಕೌಂಟರ್ ಶಾಫ್ಟನ್ನೋ ಮೇನ್ ಶಾಫ್ಟಿನ ಮುಂತುದಿಯ ಬೇರಿಂಗನ್ನೋ ನೋಡಬೇಕು. ಒಂದೇ ಗೇರಿನಲ್ಲಿ ತಾಳಬದ್ಧ ಟಕಟಕ ಇದ್ದರೆ ಆ ಗೇರಿನ ಹಲ್ಲು ಮುಕ್ಕಾಗಿರಬಹುದು. ನೇರ ಹಲ್ಲಿನ ರಿವರ್ಸ್ ಗೇರ್ ಊಳಿಡುವುದು ಸಹಜ, ಅದು ದೋಷವಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್‌ಗೆ ತಂದು, ಎಂಜಿನ್ ನಿಧಾನಕ್ಕಿಳಿದ ಮೇಲೂ ಗಾಡಿಯ ವೇಗಕ್ಕೆ ತಕ್ಕಂತೆ ಸದ್ದು ಮುಂದುವರಿದರೆ ಕಾರಣ ಗೇರ್‌ಬಾಕ್ಸಿನ ಹಿಂಭಾಗದ ಬೇರಿಂಗ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸೆಂಟರ್ ಬೇರಿಂಗ್ ಅಥವಾ ಡಿಫರೆನ್ಶಿಯಲ್. ಘಾಟಿಯ ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಲೇಬಾರದು.

ಸದ್ದಿನ ಜೊತೆಗೆ ಆಯಿಲನ್ನೂ ನೋಡಬೇಕು. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಮಡ್ಡಿ ಅಂಟಿದ್ದರೆ ಅದು ಮಾಮೂಲಿ ಸವೆತ. ಆಯಿಲಿನಲ್ಲಿ ಹೊಂಬಣ್ಣದ ಪುಡಿ ಮಿನುಗಿದರೆ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗು ಸವೆದಿದೆ. ಉಕ್ಕಿನ ಚೂರು ಸಿಕ್ಕರೆ ಗಾಡಿ ಓಡಿಸಬಾರದು. ಕೆಟ್ಟ ಲಾರಿಯನ್ನು ಎಳೆದೊಯ್ಯುವಾಗ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಲೇಬೇಕು. ಕೌಂಟರ್ ಶಾಫ್ಟ್ ತಿರುಗಿದರೆ ತಾನೇ ಆಯಿಲ್ ಮೇಲಕ್ಕೆ ಚಿಮ್ಮುವುದು? ಎಂಜಿನ್ ನಿಂತಿದ್ದು ಚಕ್ರಗಳು ಮೇನ್ ಶಾಫ್ಟನ್ನು ತಿರುಗಿಸುತ್ತಿದ್ದರೆ ಅದರ ಬೇರಿಂಗುಗಳು ಒಣಗಿಯೇ ಸುಡುತ್ತವೆ. ಸಣ್ಣ ದುರಸ್ತಿಯೊಂದು ಹೀಗೆ ಇಡೀ ಗೇರ್‌ಬಾಕ್ಸಿನ ಖರ್ಚಾಗುತ್ತದೆ.

ವೆಚ್ಚವನ್ನು ಒಟ್ಟು ಮೊತ್ತವಾಗಿ ಕೇಳಬಾರದು. ಇಳಿಸಿ ಏರಿಸುವ ಕೂಲಿ, ಬಿಚ್ಚಿ ಜೋಡಿಸುವ ಕೂಲಿ, ಸಾಮಾನು, ಆಯಿಲ್ ಎಂದು ಬಿಡಿಸಿ ಬರೆಸಿಕೊಳ್ಳಬೇಕು. ಬಿಚ್ಚುವ ಮೊದಲು ಸಾಮಾನಿನ ಲೆಕ್ಕವನ್ನು ಖಚಿತವಾಗಿ ಹೇಳಲು ಪ್ರಾಮಾಣಿಕ ಮೆಕ್ಯಾನಿಕ್‌ಗೂ ಆಗದು. ಬಿಚ್ಚಿ ತೋರಿಸಿ, ಒಪ್ಪಿಗೆ ಪಡೆದು ಮುಂದುವರಿಯುವುದು ಸರಿಯಾದ ಕ್ರಮ. ಗೇರ್‌ಬಾಕ್ಸ್ ಇಳಿದಿರುವಾಗಲೇ ಸವೆದ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಿಸಿದರೆ ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ. ಆದರೆ ಅದೇ ಕೆಲಸಗಳಿಗೆ ಇಳಿಸುವ ಕೂಲಿಯನ್ನು ಎರಡನೆಯ ಸಲ ಹಾಕುವುದು ಅನ್ಯಾಯ.

ಹಳೆಯ ಸಾಮಾನನ್ನು ತಪ್ಪದೆ ವಾಪಸು ಕೇಳಬೇಕು. ಬೇರಿಂಗಿನ ಅಂಚಿನಲ್ಲಿ ಕೊರೆದ ಸಂಖ್ಯೆಯೇ ಬೆಲೆ ವಿಚಾರಿಸಲು ಸಾಕು: 6308 ಎಂದಿದ್ದರೆ ಒಳವ್ಯಾಸ 40 ಮಿ.ಮೀ., ಹೊರವ್ಯಾಸ 90 ಮಿ.ಮೀ., ದಪ್ಪ 23 ಮಿ.ಮೀ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರಿಗೆ ಸಂಖ್ಯೆ, ತಯಾರಕರ ಹೆಸರು ಎರಡನ್ನೂ ಹೇಳಿದರೆ ದರ ತಿಳಿಯುತ್ತದೆ. ಕೆಲವು ಗೇರ್‌ಬಾಕ್ಸುಗಳ ಬೇರಿಂಗುಗಳು ಮಾತ್ರ ವಿಶೇಷ ಅಳತೆಯವು, ಅವು ದುಬಾರಿ. ಶಾಫ್ಟ್, ಗೇರ್, ಕೇಸಿಂಗ್ ಮೂರೂ ಹಾಳಾಗಿದ್ದರೆ ರೀಕಂಡೀಷನ್ ಮಾಡಿದ, ವಾರಂಟಿ ಇರುವ ಗೇರ್‌ಬಾಕ್ಸಿನ ಬೆಲೆಯೊಡನೆ ಹೋಲಿಸಬೇಕು. ಸಾಮಾನ್ಯ ಮೋಟಾರು ವಿಮೆ ಸವೆತದ ದುರಸ್ತಿಗೆ ಹಣ ಕೊಡುವುದಿಲ್ಲ.

ಕೆಲಸ ಕೆಟ್ಟರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆ ಸಿಗಬಹುದು. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರನ್ನು ಅದು ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದೇ ಸರಕು ಕೊಂಡು ಬಳಸಿದವರನ್ನು ಹಾಗೆ ಹೊರಗಿಡುವುದಿಲ್ಲ. ಒಂದೇ ಲಾರಿಯಿಟ್ಟು ತಾನೇ ಓಡಿಸುವವನು ಕೊಂಡ ಸಾಮಾನಿನ ವಿಷಯದಲ್ಲಿ ಈ ನೆಲೆಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.